‘ಮೆ’ ಕಲಿತು ಬಾಣಲೆ ಕಳೆದುಕೊಂಡದ್ದು

ಶ್ರಾವ್ಯಾ, ಚಿರಾಗ್, ಕೊರೊನಾ ಕಾಲದಲ್ಲಿ ಮಲೇಷ್ಯಾದ ಪುಚೊಂಗ್ ಮನೆಯಲ್ಲಿ ಅಜ್ಜಿ ಪಾಠ ಕಲಿತ ಕಥೆಗೆ ನೀವು ಇವತ್ತಿಗೂ ನಗುತ್ತೀರಿ. ನಗಿ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಎಲ್ಲದಕ್ಕೂ ಮೂಲ, ನಾನು ಊರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಕಬ್ಬಿಣದ ಬಾಣಲೆ. ಮನೆಗೆಲಸಕ್ಕಿದ್ದ ಇಂಡೋನೇಷ್ಯಾದ ಯಾತಿ ಒಂದು ದಿನ ಅದರಲ್ಲಿ ಒಣಮೀನು ಕರಿದಳು! ಮೀನು ಕಂಡರೆ ಮೂಗು ಮುಚ್ಚುವ ನನ್ನ ಬಾಣಲೆಯಲ್ಲಿ! ನಿಮ್ಮ ತಾತ ಇದ್ದಿದ್ದರೆ ಅವರ ಮುಂದೆ ಬೈದು ಹಗುರಾಗುತ್ತಿದ್ದೆ. ಯಾತಿಗೆ ‘ಬೇಡ’ ಎನ್ನಲು ನನಗೆ ಅವಳ ಭಾಷೆ ಬಾರದು. ಸೊಸೆಗೆ ದೂರು ಹೇಳಲು ಸಂಕೋಚ. ನಿಮ್ಮಪ್ಪನಿಗೆ ಹೇಳಿದರೆ, ಮೀಟಿಂಗಿನ ಮಧ್ಯೆ ಬಾಗಿಲಿನಿಂದ ತಲೆ ಹಾಕಿ, “ನೀನೇ ಅವಳ ಭಾಷೆ ಕಲಿ ಅಮ್ಮ, ಟೈಮ್‌ಪಾಸ್ ಆಗುತ್ತೆ” ಎಂದ. ಟೈಮ್‌ಪಾಸ್!

ಸರಿ, ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ ಬಂದಿದ್ದ ಮೈಸೂರಿನ ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಶುರುಮಾಡಿದಳು. ಒಂದೇ ಮಾತು ಸಾಕೆಂದು ನಾನು. ವ್ಯಾಕರಣವೇ ಬುನಾದಿ ಎಂದು ಅವಳು. ನಮ್ಮ ಕ್ರಿಯಾಪದಕ್ಕೆ ಬಾಲ ಹಿಂದೆ ಬೆಳೆಯುತ್ತದೆ. ಅಲ್ಲಿ ‘ಮೆ’ ಎಂಬುದು ಮುಂದೆ ಬಂದು ಕೂರುತ್ತದೆ. ಕೂತು ಸುಮ್ಮನಿರುತ್ತದೆಯೇ? ‘ಸಾಪು’ ಎಂದರೆ ಗುಡಿಸು; ಅದು ‘ಮೆನ್ಯಾಪು’ ಆಗಬೇಕು. ‘ಪೊತೊಂಗ್’ ಎಂದರೆ ಕತ್ತರಿಸು, ಅದು ‘ಮೆಮೊತೊಂಗ್’. ಬಂದ ನೆಂಟ ಮನೆಯವನ ತಲೆಯನ್ನೇ ನುಂಗುವುದು ಯಾವ ನ್ಯಾಯ?

“‘ಬೇಡ’ ಅನ್ನೋದು ಯಾವಾಗಮ್ಮ ಹೇಳ್ಕೊಡ್ತೀಯ?”

“ಅದು ಮುಂದಿನ ಹಂತದಲ್ಲಿ ಅಜ್ಜಿ. ಮೊದಲು ಇದು ಬಾಯಿಗೆ ಬರ್ಲಿ.”

ನಮ್ಮೂರ ಶಾಲೆಯಲ್ಲಿ ಬಾಯಿಗೆ ಬರಿಸಲು ಒಂದೇ ದಾರಿ: ಮಗ್ಗಿಯಂತೆ ರಾಗವಾಗಿ ಕೂಗುವುದು. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ನಾನು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಾವಲಿಗೆಂದು ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದೆ. “ಮೆನ್ಯಾಪು! ಮೆಮೊತೊಂಗ್! ಮೆಂಗೊರೆಂಗ್!” ಗುಡಿಸು, ಕತ್ತರಿಸು, ಕರಿ.

“ಅಜ್ಜಿ, ಸೋ ಲೌಡ್ ಲಾ!” ಎಂದು ಒಳಗಿನಿಂದ ಅಲ್ಲಿನವರ ಧಾಟಿಯಲ್ಲಿ ಕಿರುಚಿದ್ದು ನೀನೇ, ಚಿರಾಗ್.

ಯಾತಿ ನನ್ನನ್ನೊಮ್ಮೆ ನೋಡಿದಳು. ಗುಡಿಸಿದಳು. ಈರುಳ್ಳಿ ಕತ್ತರಿಸಿದಳು. ಆಮೇಲೆ ನನ್ನ ತೊಡೆಯ ಮೇಲಿನ ಬಾಣಲೆಯನ್ನು ವಿನಯದಿಂದ ಎತ್ತಿಕೊಂಡು ಒಣಮೀನು ಕರಿದಳು! ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ನಮ್ಮ ತಲೆಯಾಟ ಅವಳ ಕಣ್ಣಿಗೆ ‘ಭೇಷ್’ ಎಂದು ಕಂಡಿರಬೇಕು. ಇನ್ನಷ್ಟು ಮೀನು ಹಾಕಿದಳು!

ಬಾಣಲೆ ತಿಕ್ಕಿ ತಿಕ್ಕಿ ನನ್ನ ಉಗುರು ಸವೆಯಿತು. ‘ಬೇಡ’ದ ಪಾಠ ಬೇಗ ಬರಲೆಂದು ದಿನವೂ ಇನ್ನಷ್ಟು ಕೂಗಿದೆ. ದಿನವೂ ಇನ್ನಷ್ಟು ಮೀನು ಬೆಂದಿತು.

ಕೊನೆಗೊಂದು ದಿನ ಯಾತಿ ಪೊರಕೆ ಎಸೆದು, “ಸುದಾ, ನೆಕ್, ಸುದಾ!” ಎಂದು ಅತ್ತುಬಿಟ್ಟಳು. ಸಾಕು ಅಜ್ಜಿ, ಸಾಕು ಎಂದು. ನಿಮ್ಮಮ್ಮ ಹೆಡ್‌ಫೋನ್ ಕಿತ್ತು ಓಡಿಬಂದು ಅವಳನ್ನು ಅವಳ ಭಾಷೆಯಲ್ಲೇ ವಿಚಾರಿಸಿದಳು.

“ಅತ್ತೆ, ಇವಳು ಕೆಲಸ ಬಿಡ್ತೀನಿ ಅಂತಿದಾಳೆ! ದಿನವಿಡೀ ಗುಡಿಸು, ಕತ್ತರಿಸು, ಕರಿ ಅಂತ ಆರ್ಡರ್ ಮಾಡ್ತೀರಂತೆ. ಬಾಣಲೇನೂ ನೀವೇ ಹಿಡ್ಕೊಂಡು ಕೂತಿರ್ತೀರಂತೆ. ಕರಿದ ಮೀನು ಮಾತ್ರ ಮುಟ್ಟಲ್ಲ ಅಂತ ಅವಳಿಗೆ ಬೇಜಾರು!”

“ಆರ್ಡರ್ರಾ? ನಾನು ಪಾಠ ಉರು ಹೊಡೀತಿದ್ದೆ ಕಣೇ!”

ನಿಮ್ಮಮ್ಮ ಅದನ್ನು ಬಿಡಿಸಿ ಹೇಳಿದಳು. ಯಾತಿ ಕಣ್ಣೊರೆಸಿಕೊಂಡು ನಕ್ಕಳು. ನೆಲಕ್ಕೆ ಕೂತು ನಕ್ಕಳು. ಕೆಲಸ ಬಿಡಲಿಲ್ಲ. ಬಾಣಲೆಯನ್ನೂ ಬಿಡಲಿಲ್ಲ. ಅಷ್ಟು ಮೀನು ಕಂಡ ಬಾಣಲೆ ಇನ್ನು ನನಗೇಕೆ? ನನಗೆ ಹೊಸತೊಂದು ಬಂತು. ‘ಬೇಡ’ದ ಪಾಠಕ್ಕೆ ಆ ಹುಡುಗಿ ಕರೆ ಮಾಡಿದಾಗ ನಾನು ಫೋನೇ ಎತ್ತಲಿಲ್ಲ.

ಮಕ್ಕಳೇ, ನಾನು ಇದನ್ನೆಲ್ಲ ಬರೆದ ಈ ಹಾಳೆಗಳನ್ನು ನೀವೇ ಜೋಪಾನವಾಗಿ ಇಟ್ಟುಕೊಳ್ಳಿ. ತೊಡೆಯ ಮೇಲಿದ್ದ ಬಾಣಲೆಯನ್ನೇ ಕಾಯಲಾಗದವಳು ನಾನು!