ಲೈನು ಬಿಟ್ಟ ಮೂಳೆ

ಇಂಗ್ಲಿಷರ ಕಾಲದಲ್ಲಿ ನಾನು ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿದ್ದೆ. ಮುರಿದ ಕೈಕಾಲುಗಳು ದಿನಾ ಬರುತ್ತಿದ್ದವು, ಅವುಗಳ ಬೆನ್ನಿಗೆ ಬುದ್ಧಿವಂತರೂ ಬರುತ್ತಿದ್ದರು. ಕೈಕಾಲಿಗಾದರೆ ನಮ್ಮಲ್ಲಿ ಚಿಕಿತ್ಸೆಯಿತ್ತು.

೧. ಎರಡು ಮೂಳೆ

ಸೋಮವಾರಪೇಟೆ ಕಡೆಯ ಎಸ್ಟೇಟಿನಿಂದ ಒಬ್ಬ ಆಳು ಬಂದ. ನೆರಳುಮರದ ಕೊಂಬೆ ಕಡಿಯಲು ಹತ್ತಿ ಬಿದ್ದು, ಬಲ ಮುಂಗೈಯ ಎರಡೂ ಮೂಳೆ ಮುರಿದುಕೊಂಡಿದ್ದ. ನಮ್ಮ ಡಾಕ್ಟರು ಎಳೆದು ಕೂರಿಸಿ, ನಾನು ಪಟ್ಟಿ ಕಟ್ಟಿದರೂ ಮಾರನೆಯ ದಿನಕ್ಕೆ ಮತ್ತೆ ಜಾರಿರುತ್ತಿದ್ದವು.

"ಕೈ ಕೆಟ್ರೆ ಲೈನಿಂದ ಹೊರಗಾಕ್ತಾರೆ ಡಾಕ್ಟ್ರೇ. ಹೆಂಡ್ತಿ ಮಕ್ಳು ಅಲ್ಲೇ ಅವ್ರೆ," ಎಂದು ಅತ್ತ. ಲೈನೆಂದರೆ ಆಳುಗಳ ಸಾಲುಮನೆ.

ನೋಡಲು ಬಂದ ಎಸ್ಟೇಟ್ ರೈಟರನಿಗೆ, ಅಂದರೆ ಲೆಕ್ಕ ಬರೆಯುವ ಗುಮಾಸ್ತನಿಗೆ, ಬೇರೆಯೇ ಅವಸರ. "ಎರಡರಲ್ಲಿ ಒಂದು ಕೂಡಿದ್ರೆ ಸಾಲದಾ ಡಾಕ್ಟ್ರೇ?"

"ನಿಮಗೆ ಕಾಲೂ ಎರಡಿದೆ ರೈಟರೇ. ಒಂದನ್ನ ಇಲ್ಲೇ ಬಿಟ್ಟು ಹೋಗ್ತೀರಾ?" ಎಂದರು ಡಾಕ್ಟರು.

೨. ತಗಡು

ಕೈ ಕೊಯ್ದು, ಮೂಳೆಗೆ ಉಕ್ಕಿನ ಪ್ಲೇಟಿಟ್ಟು ಸ್ಕ್ರೂ ಬಿಗಿಯುವುದೆಂದಾಯಿತು. ಆ ಕಾಲಕ್ಕೆ ಅದು ಅಪರೂಪ. ಮೂಳೆ ನೇರಕ್ಕೆ ಕೂರುತ್ತಿಲ್ಲವೆಂದು ತಿಳಿಸಲು ಡಾಕ್ಟರು ಎಸ್ಟೇಟಿಗೆ ಇಂಗ್ಲಿಷಿನಲ್ಲಿ ಚೀಟಿ ಬರೆದರು: ಲೈನಿನಲ್ಲಿ ನಿಲ್ಲುತ್ತಿಲ್ಲ, ಪ್ಲೇಟ್ ಹಾಕುತ್ತೇವೆ.

ಎಸ್ಟೇಟಿನ ಇಂಗ್ಲಿಷ್ ದೊರೆಗೆ ಕ್ಲಬ್ಬಿನ ಕಾಗದ ಬಿಟ್ಟು ಬೇರೇನೂ ಓದುವ ಅಭ್ಯಾಸವಿರಲಿಲ್ಲ. ಓದಿ ಹೇಳಿದವನು ರೈಟರ್. ಅವನ ಇಂಗ್ಲಿಷೋ, ಕಾಫಿ ಮೂಟೆಗೆ ನಂಬರು ಬರೆಯುವಷ್ಟು. ಆಪರೇಷನ್ ಮುಗಿದ ಮೇಲೆ ಉತ್ತರ ಬಂತು.

"ಲೈನಿನಲ್ಲಿ ನಿಲ್ಲದವನ ಮನೆಯನ್ನು ಬೇರೆಯವನಿಗೆ ಕೊಡಲಾಗುವುದು. ತಗಡು ಹಾಕುವ ನಿಮ್ಮ ಆಳನ್ನು ಕೂಡಲೇ ಕಳಿಸಿ. ನಮ್ಮ ಕಾಫಿ ಸ್ಟೋರಿನ ಸೂರೂ ಸೋರುತ್ತಿದೆ."

ಅದನ್ನು ಕೇಳಿ ಕೈ ಮುರಿದ ಆಳು ಎರಡು ದಿನ ಗಂಜಿ ಮುಟ್ಟಲಿಲ್ಲ. ನಿಲ್ಲದ್ದು ಮನುಷ್ಯನಲ್ಲ, ಮೂಳೆ ಎಂದು ಡಾಕ್ಟರು ಈ ಸಲ ಕನ್ನಡದಲ್ಲೇ ಬರೆದರು. ಕೈ ಸರಿಹೋದರೆ ಮನೆ ಉಂಟು ಎಂದು ರೈಟರ್ ದೊಡ್ಡ ಮನಸ್ಸು ಮಾಡಿದ. ಸೂರಿನ ಆಳು ಯಾವಾಗ ಬರುತ್ತಾನೆಂದು ಉತ್ತರದ ಕೆಳಗೆ ಮತ್ತೆ ಕೇಳಿದ್ದ.

೩. ಸೂರು

ಮೂಳೆ ಕೂಡಿತು. ಕಂಡಕಂಡವರಿಗೆಲ್ಲ ಅಂಗೈ ಮೇಲೆ ಕೆಳಗೆ ತಿರುಗಿಸಿ ತೋರಿಸುತ್ತ ಆಳು ಲೈನಿಗೆ ಮರಳಿದ. ಮನೆಯೂ ಉಳಿಯಿತು. ನನಗೆ ನಿಜವಾಗಿಯೂ ಸಂತೋಷವಾಯಿತು.

ಮಳೆ ಹಿಡಿದ ಮೇಲೆ ಅದೇ ಆಳು ಒಬ್ಬನನ್ನು ಗಾಡಿಯಿಂದ ಎತ್ತಿ ಒಳಗೆ ತಂದ. ನೋಡಿದರೆ ರೈಟರ್! ಆಸ್ಪತ್ರೆಯಿಂದ ತಗಡಿನ ಆಳು ಬರಲಿಲ್ಲವೆಂಬ ಸಿಟ್ಟಿಗೆ ದೊರೆ ಇವನನ್ನೇ ಸೂರಿಗೆ ಹತ್ತಿಸಿದ್ದನಂತೆ. ಜಾರಿ ಬಿದ್ದು ಮುರಿದದ್ದು ಬಲ ಮುಂಗೈ, ಎರಡೂ ಮೂಳೆ.

ಪಟ್ಟಿ ಕಟ್ಟಿ ಎರಡು ದಿನ ನೋಡಿದ ಡಾಕ್ಟರು, "ಇದೂ ಜಾರ್ತಾ ಇದೆ. ನಿಮ್ಮ ದೊರೆಗೆ ಚೀಟಿ ಬರೀಬೇಕು," ಎಂದರು.

ರೈಟರ್ ಎಡಗೈಯಲ್ಲಿ ಅವರ ಕೋಟು ಹಿಡಿದುಕೊಂಡ. "ಲೈನು ಅಂತ ಮಾತ್ರ ಬರೀಬೇಡಿ ಡಾಕ್ಟ್ರೇ! ನನ್ನ ಕ್ವಾರ್ಟರ್ಸ್ ಬೇರೆಯವನಿಗೆ ಕೊಟ್ಟುಬಿಡ್ತಾರೆ!"