ಕಿರುಗುಟ್ಟುವ ಕೀಲೆಣ್ಣೆ

ಬಹಳ ಹಿಂದೆ, ಲೋಕಕ್ಕೆ ಇನ್ನೂ ಇಷ್ಟು ಬುದ್ಧಿ ಬಂದಿರದ ಕಾಲದಲ್ಲಿ, ನಯಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಗಾಣದ ಈರಭದ್ರಪ್ಪ ಹರಳೆಣ್ಣೆಗೆ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದ. ಅಚ್ಚಿಗೆ ಸವರಿದರೆ ಗಾಡಿ ಬೆಕ್ಕಿನಂತೆ ಸದ್ದಿಲ್ಲದೆ ಸಾಗುತ್ತಿತ್ತು. ತಾತನ ಕಾಲದಿಂದ ಬಂದ ಒಳ್ಳೆಯ ಹೆಸರು. ಅವನಿಗೆ ಅದು ಸಾಲದು. ಗಡಿಗೆಯ ಮೇಲೆ ರಾಜಮುದ್ರೆ ಬೇಕಿತ್ತು.

ಒಮ್ಮೆ ಆ ಎಣ್ಣೆ ಅರಮನೆಯ ರಥಕ್ಕೇ ಬಿತ್ತು. ಶ್ರೀಮನ್ಮಹಾರಾಜ ಗಂಭೀರಸೇನರು ನಗರಸಂಚಾರಕ್ಕೆ ಹೊರಟರು. ರಥದ ಕಿರುಗುಟ್ಟು ಕೇಳಿದ ಮೇಲೆಯೇ ಎದ್ದು ಕೈಮುಗಿದು ರೂಢಿಯಾಗಿದ್ದ ಪ್ರಜೆಗಳು ಅಂದು ಕಡಲೆಕಾಯಿ ಸುಲಿಯುತ್ತ ಕೂತೇ ಇದ್ದರು. ಮಹಾರಾಜರು ಮುಖ ಊದಿಸಿಕೊಂಡು ಹಿಂದಿರುಗಿದರು.

ಮಂತ್ರಿ ಅನುಮೋದನಪ್ಪನವರು ಈರಭದ್ರಪ್ಪನನ್ನು ಕರೆಸಿದರು. "ಏನಯ್ಯಾ, ನಿನ್ನ ಎಣ್ಣೆಯಲ್ಲಿ ರಾಜಭಕ್ತಿಯ ಅಂಶವೇ ಇಲ್ಲವಲ್ಲ!"

"ಸದ್ದು ಬರಬಾರ್ದು ಅಂತಲೇ ಅಲ್ವಾ ಬುದ್ಧೀ, ಎಣ್ಣೆ ಹಾಕೋದು?"

"ಅದು ಹಳೇ ಟೆಕ್ನಾಲಜಿ. ಸದ್ದು ಬರುವಂಥ ಸೇರ್ಪಡೆ ಹಾಕು. ರಾಜಮುದ್ರೆ ನನ್ನ ಜವಾಬ್ದಾರಿ."

ಈರಭದ್ರಪ್ಪ ಮನೆಗೆ ಬಂದು ಹೊಳೆಯ ಮರಳು ಜರಡಿ ಹಿಡಿದ.

"ಎಣ್ಣೆಗೆ ಮರಳಾ?" ಎಂದಳು ಹೆಂಡತಿ ಸಾಕವ್ವ. "ನಿಮ್ಮಪ್ಪ ಇದ್ದಿದ್ರೆ ಎತ್ತಿನ ಬದ್ಲು ನಿಮ್ಮನ್ನೇ ಗಾಣಕ್ಕೆ ಕಟ್ತಿದ್ರು!"

"ಸುಮ್ಕಿರೇ, ಇದು ಮರಳಲ್ಲ, ಅಡಿಟಿವ್ವು."

ರಥ ಕಿರುಗುಟ್ಟಿತು, ಪ್ರಜೆಗಳು ಎದ್ದರು, ಮಹಾರಾಜರು ಆನಂದಬಾಷ್ಪ ಸುರಿಸಿದರು. ಕೂಡಲೇ ಅಖಿಲ ನಯಗಿರಿ ಘೋಷತೈಲ ನಿಗಮ ಸ್ಥಾಪನೆಯಾಯಿತು. ಒಂದೇ ರಥದಿಂದ ನಿಗಮದ ಟಾರ್ಗೆಟ್ ಮುಟ್ಟೀತೇ? ಎಲ್ಲ ಗಾಡಿಗಳಿಗೂ ಅದೇ ಎಣ್ಣೆ ಕಡ್ಡಾಯವೆಂದು ಡಂಗುರ ಸಾರಿಸಲಾಯಿತು. ಪಂಜಿನೆಣ್ಣೆಗೂ ಒಂದು ಹೊಗೆವರ್ಧಕ ಬಂತು; ಕಣ್ಣಲ್ಲಿ ನೀರು ಬಂದರೆ ಅದೂ ಭಕ್ತಿಯೇ ತಾನೆ?

ಈಗ ಯಾವ ಗಾಡಿ ಬಂದರೂ ಕಿರ್ರ್ ಎಂಬ ಸದ್ದು. ರಾಜರೋ ಏನೋ ಎಂದು ಊರೆಲ್ಲ ಏಳುತ್ತಿತ್ತು. ಕ್ಷೌರಿಕ ಅರ್ಧ ಗಡ್ಡಕ್ಕೇ ಕತ್ತಿ ನಿಲ್ಲಿಸಿ ಕೈಮುಗಿಯುತ್ತಿದ್ದ. ಸಗಣಿ ಗಾಡಿಗೂ ಸಾಷ್ಟಾಂಗ. 'ರಾಜಭಕ್ತಿಯಲ್ಲಿ ನೂರು ಪಟ್ಟು ಪ್ರಗತಿ' ಎಂದು ಮಂತ್ರಿಗಳು ವರದಿ ಒಪ್ಪಿಸಿದರು. ಅಚ್ಚುಗಳು ಸವೆದು ಮುರಿಯುತ್ತಿದ್ದ ಸಂಗತಿ ವರದಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ನಿಗಮದ ವಾರ್ಷಿಕೋತ್ಸವದಂದು ಈರಭದ್ರಪ್ಪನಿಗೆ ರಾಜಮುದ್ರೆಯ ಜೊತೆಗೆ 'ಘರ್ಷಣಚೂಡಾಮಣಿ' ಎಂಬ ಬಿರುದೂ ಪೇಟವೂ ದೊರೆತವು. ಹಿಂದಿರುಗುವಾಗ ಪೇಟೆ ಬೀದಿಯಲ್ಲಿ ಅವನ ಗಾಡಿಯ ಅಚ್ಚೇ ಲಟಕ್ಕೆಂದಿತು.

"ಯಾರಾದ್ರೂ ಬಂದು ಎತ್ರಪ್ಪಾ!"

"ಹೆಂಗೆ ಎತ್ತೋದು ಯಜಮಾನ್ರೇ? ಮುಗಿದ ಕೈ ಬಿಡೋ ಹಂಗಿಲ್ಲ. ಹಿಂದೆ ಇನ್ನೊಂದು ಗಾಡಿ ಬರ್ತಾ ಐತೆ."

ಪೇಟ ಸುತ್ತಿದ ಈರಭದ್ರಪ್ಪ ಅಚ್ಚಿನ ಅಂಗಡಿಯ ಸಾಲಿನಲ್ಲಿ ಹೋಗಿ ನಿಂತ. ಮುಂದೆ ಅರ್ಧ ನಯಗಿರಿಯೇ ನಿಂತಿತ್ತು. ಮುದುಕನೊಬ್ಬ ತಿರುಗಿ ಕೇಳಿದ: "ನಿಮ್ಮ ತಾತನ ಎಣ್ಣೆ ಒಂದು ಗಡಿಗೆ ಏನಾದ್ರೂ ಉಳಿದೈತಾ, ಈರಭದ್ರಪ್ಪ?"

ಈರಭದ್ರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಿರುವಿನಲ್ಲಿ ಕಿರ್ರ್ ಎಂದಿತು. ಸಾಲೆಲ್ಲ ಕೈಮುಗಿಯಿತು, ಅವನೂ ಮುಗಿದ.