ಪಕ್ಕದ ಪರದೆಯಿಂದ ‘ಈಗಿನ ಸಂಖ್ಯೆ’ ಕದ್ದು ನೋಡುವುದನ್ನು ನಿಷೇಧಿಸುವ ಬಗ್ಗೆ

ಸುತ್ತೋಲೆ ಸಂಖ್ಯೆ: ಆಸ್ಪತ್ರೆ/ನೋಂದಣಿ/ಇಣುಕು/೭

ವಿಷಯ: ರೋಗಿ ಚೀಟಿಗೆ ಸಂಖ್ಯೆ ಬರೆಯುವಾಗ ಕತ್ತು ನೇರವಾಗಿಟ್ಟುಕೊಳ್ಳುವ ಕುರಿತು.

ಉಲ್ಲೇಖ: ಎರಡನೇ ಕಿಟಕಿಯ ಗುಮಾಸ್ತೆಯ ಓಟ.

ಪ್ರಸ್ತಾವನೆ:

ಸದರಿ ಗುಮಾಸ್ತೆಯು ಮಂಡಿನೋವಿನ ದರ್ಜಿಯೊಬ್ಬರನ್ನು ನೋಂದಾಯಿಸುತ್ತಿದ್ದಂತೆ ಕಂಪ್ಯೂಟರ್ ಸಂಪರ್ಕ ಕಡಿದುಹೋಯಿತು. ಮತ್ತೆ ಲಾಗಿನ್ ಆಗಿ, ದರ್ಜಿಗೆ ಆಗಷ್ಟೇ ಬಂದಿದ್ದ ಸಂಖ್ಯೆ ತಿಳಿಯಲು ‘ಈಗಿನ ಸಂಖ್ಯೆ’ ಕೇಳಿದಾಗ, ‘ಈ ಲಾಗಿನ್‌ನಲ್ಲಿ ನೀವಿನ್ನೂ ಸಂಖ್ಯೆಯನ್ನೇ ಪಡೆದಿಲ್ಲ’ ಎಂಬ ಉತ್ತರ ಬಂದಿತು. ಸಾಲು ಬಾಗಿಲಾಚೆ ಬೆಳೆದಿತ್ತು, ಬೈಗುಳ ಶುರುವಾಗಿತ್ತು. ಆಕೆ ಪಕ್ಕದ ಪರದೆಗೆ ಇಣುಕಿ, ಅಲ್ಲಿದ್ದ ಸಂಖ್ಯೆಯನ್ನೇ ದರ್ಜಿಯ ಚೀಟಿಗೆ ಬರೆದುಬಿಟ್ಟರು. ಅದು ಪಕ್ಕದ ಕಿಟಕಿಯಲ್ಲಿ ಆಗಷ್ಟೇ ಚೀಟಿ ಪಡೆದ ಗರ್ಭಿಣಿಯ ಸಂಖ್ಯೆಯಾಗಿತ್ತು.

ಪರಿಣಾಮವಾಗಿ ದರ್ಜಿಯವರನ್ನು ಹೆರಿಗೆ ವಿಭಾಗಕ್ಕೆ ಕರೆಯಲಾಯಿತು. ದಾದಿಯು ತಲೆಯೆತ್ತದೆ “ಎಷ್ಟು ತಿಂಗಳು?” ಎಂದು ಕೇಳಿದ್ದಕ್ಕೆ, “ಮೂರು ತಿಂಗಳಾಯ್ತಮ್ಮ, ಮೆಟ್ಟಿಲು ಹತ್ತೋವಾಗ ಜೀವ ಹೋಗುತ್ತೆ” ಎಂದು ಸತ್ಯವನ್ನೇ ನುಡಿದ ಅವರಿಗೆ ಕಬ್ಬಿಣಾಂಶದ ಮಾತ್ರೆಗಳನ್ನು ವಿತರಿಸಲಾಯಿತು. ಅವರು ಅವನ್ನು ಹಿಡಿದು ಕಿಟಕಿಗೆ ಬಂದು, “ಏನಮ್ಮಾ, ಮಂಡಿಗೂ ಹೆರಿಗೆ ಮಾಡಿಸ್ತಾರಾ?” ಎಂದಾಗಲೇ ಒಂದೇ ಸಂಖ್ಯೆ ಇಬ್ಬರಿಗೆ ಹೋಗಿರುವುದು ಗುಮಾಸ್ತೆಗೆ ಹೊಳೆಯಿತು. ಹಾಗಾದರೆ ಅದೇ ಸಂಖ್ಯೆಗೆ ದರ್ಜಿಯ ಮಂಡಿಗೆಂದು ತಾನು ದಾಖಲಿಸಿದ್ದ ಎಕ್ಸ್‌ರೇಗೆ ಕರೆದಿರುವುದು ಯಾರನ್ನು?

ಆಕೆ ಕುರ್ಚಿ ಬೀಳಿಸಿ, ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಎಕ್ಸ್‌ರೇ ಕೊಠಡಿಗೆ ಓಡಿದರು. “ಒತ್ಬೇಡಣ್ಣಾ! ಬಸುರಿ ಅವ್ರು!” ಎಂಬ ಕೂಗು ಮೇಲಧಿಕಾರಿಗಳ ಕೊಠಡಿಯವರೆಗೂ ಕೇಳಿಸಿ, ಸಭೆಗೆ ಭಂಗವುಂಟಾಯಿತು. ಎಕ್ಸ್‌ರೇ ಸಿಬ್ಬಂದಿ ಗುಂಡಿ ಒತ್ತಲಿಲ್ಲ.

ಆದುದರಿಂದ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಮುಂದಿನ ಸಂಖ್ಯೆ ಎಲ್ಲ ಕಿಟಕಿಗಳಿಗೂ ಒಂದೇ ಸರಣಿಯಿಂದ ಬರುತ್ತದೆ. ‘ಈಗಿನ ಸಂಖ್ಯೆ’ ಮಾತ್ರ ಅವರವರದು. ತಮ್ಮ ಲಾಗಿನ್‌ನಲ್ಲಿ ತಾವು ಕೊನೆಗೆ ಪಡೆದದ್ದು. ಅದನ್ನು ಹಲ್ಲುಜ್ಜುವ ಬ್ರಷ್ಷಿನಂತೆ ಭಾವಿಸತಕ್ಕದ್ದು.

೨. ಮತ್ತೆ ಲಾಗಿನ್ ಆದವರಿಗೆ, ಹೊಸ ಸಂಖ್ಯೆ ಪಡೆಯುವವರೆಗೆ ‘ಈಗಿನ ಸಂಖ್ಯೆ’ ಇರುವುದಿಲ್ಲ. ಇದಕ್ಕಾಗಿ ಕಂಪ್ಯೂಟರನ್ನು ಗದರಿಸುವುದು, ತಟ್ಟುವುದು, ಅದರ ಮುಂದೆ ಕಣ್ಣೀರಿಡುವುದು ನಿಷಿದ್ಧ.

೩. ಸಂಪರ್ಕ ಕಡಿದಾಗ ಕೈತಪ್ಪಿದ ಸಂಖ್ಯೆ ಮರಳಿ ಬಾರದು. ಅದರ ಅಗಲಿಕೆಗೆ ರಜೆ ಮಂಜೂರಾಗದು.

೪. ಪಕ್ಕದ ಪರದೆಯತ್ತ ತಿರುಗುವ ಕತ್ತುಗಳನ್ನು ಕತ್ತಿನ ಮಾಲೀಕರೇ ಹೊಣೆ ಹೊತ್ತು ಹಿಂದಕ್ಕೆ ತಿರುಗಿಸತಕ್ಕದ್ದು. ಸೀನು ಬಂದ ನೆಪ ಒಪ್ಪಲಾಗದು.

೫. ಜೀವ ಉಳಿಸಲು ಓಡಬಯಸುವವರು ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

ಅನುಮತಿಯಿಲ್ಲದೆ ಓಡಿದ್ದೇಕೆಂದು ಗುಮಾಸ್ತೆಯಿಂದ ವಿವರಣೆ ಕೇಳಲಾಗಿತ್ತು. “ಇಣುಕಿದ್ದು ನಂದೇ ತಪ್ಪು ಸಾರ್, ಏನು ಶಿಕ್ಷೆ ಕೊಟ್ರೂ ಸರಿ. ಓಡಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ” ಎಂದು ಆಕೆ ತಿಳಿಸಿರುತ್ತಾರೆ. ಈ ಉತ್ತರವು ನಿಗದಿತ ನಮೂನೆಯಲ್ಲಿಲ್ಲ. ಆದರೂ ಇದಕ್ಕೆ ಮರುಪ್ರಶ್ನೆ ಯಾರಿಗೂ ಹೊಳೆಯದ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಮುಖ್ಯಾಧಿಕಾರಿ (ಪ್ರಭಾರ)

ಪ್ರತಿಗಳು:
— ಎಲ್ಲ ಕಿಟಕಿಗಳಿಗೆ, ಕಣ್ಣಿನ ಮಟ್ಟದಲ್ಲಿ ಅಂಟಿಸಲು.
— ದರ್ಜಿಯವರಿಗೆ, ಮಾತ್ರೆಗಳನ್ನು ನುಂಗಿದ್ದಲ್ಲಿ ಹಿಂತಿರುಗಿಸಬೇಕಾಗಿಲ್ಲ.
— ಗರ್ಭಿಣಿಗೆ, ಮಾಹಿತಿಗಾಗಿ. ಮಗುವಿಗೆ ಆ ಗುಮಾಸ್ತೆಯ ಹೆಸರಿಡಲು ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.